ದೊಡ್ಡವ್ವನ ಹುಣಸೆಮರದ ಲೆಕ್ಕ

ಪ್ರತಿ ವರ್ಷ ಡಿಸೆಂಬರ್ ಕೊನೇಲೋ ಜನವರಿ ಮೊದಲ್ನೇ ವಾರದಲ್ಲೋ ನಮ್ಮ ದೊಡ್ಡವ್ವ ಫೋನ್ ಮಾಡಿ ಹೇಳೋದು ಒಂದೇ ಮಾತು, "ಅಕ್ಕಿ ಬಂದ್ವು ಕಣ್ಲಾ." ಒಂದ್ಸಲ ಆಫೀಸಲ್ಲಿ ಸ್ಪೀಕರ್ ಆನ್ ಆಗೋಗಿತ್ತು, ಪಕ್ಕದ ಟೇಬಲ್ಲಿನ ಧಾರವಾಡದ ಸರ್ ಕೇಳಿಸ್ಕೊಂಡು "ಏನ್ರೀ, ರೇಷನ್ ಬಂತೇನ್ರಿ ನಿಮ್ಮೂರಾಗ?" ಅಂದ್ರು. ನಮ್ಮ ಮಂಡ್ಯ ಕಡೆ ಹಕಾರ ಹಾರೋಗಿ ಹಕ್ಕಿಗಳೆಲ್ಲಾ ಅಕ್ಕಿ ಆಗ್ಬಿಡ್ತವೆ ಅಂತ ಅವ್ರಿಗೆ ವಿವರಿಸೋಷ್ಟ್ರಲ್ಲಿ ದೊಡ್ಡವ್ವ ಫೋನ್ ಇಟ್ಟೇಬಿಟ್ಟಿದ್ಲು. ಅವಳಿಗೆ ವಿಷಯ ಮುಟ್ಟಿಸಿದ್ರೆ ಆಯ್ತು, ಮಾತಾಡ್ತಾ ಕೂರೋ ಅಭ್ಯಾಸ ಇಲ್ಲ.

ದೊಡ್ಡವ್ವನ ಊರು ಕೊಕ್ಕರೆ ಬೆಳ್ಳೂರು. ಮದ್ದೂರು ತಾಲೂಕು. ನಾಗಮಂಗಲ ತಾಲೂಕಿನ ಬೆಳ್ಳೂರು ಕ್ರಾಸ್ ಅಲ್ಲ, ಅದು ಬೇರೆ, ಇದನ್ನ ಎಷ್ಟು ಸಲ ಹೇಳಿದ್ರೂ ಗೂಗಲ್ ಮ್ಯಾಪ್ ನೋಡ್ಕೊಂಡು ಅಲ್ಲಿಗೆ ಹೋಗಿ ನಿಂತ್ಕೊಂಡು ಫೋನ್ ಮಾಡೋರು ಇದಾರೆ. ಬೆಂಗಳೂರು ಕಡೆಯಿಂದ ಬರೋರು ಚನ್ನಪಟ್ಟಣ ದಾಟಿ ಮದ್ದೂರಿಗಿಂತ ಮೊದ್ಲು ರುದ್ರಾಕ್ಷಿಪುರದ ಹತ್ರ ಎಡಕ್ಕೆ ತಿರುಗಿದ್ರೆ ಸುಮಾರು 12 ಕಿಲೋಮೀಟರ್. ಈಗ ಎಕ್ಸ್‌ಪ್ರೆಸ್‌ವೇ ಆದ್ಮೇಲೆ ಸರ್ವೀಸ್ ರೋಡಿಗೆ ಇಳೀದೆ ಇದ್ರೆ ಸೀದಾ ಮಂಡ್ಯದವರೆಗೂ ಹೋಗ್ಬಿಡ್ತೀರಿ, ಹುಷಾರು.

ಊರೊಳಗೆ ಬಂದ್ರೆ ಗೇಟಿಲ್ಲ, ಟಿಕೆಟ್ಟಿಲ್ಲ, ಬೋಟಿಂಗ್ ಇಲ್ಲ. ರಂಗನತಿಟ್ಟು ನೋಡಿರೋರಿಗೆ ಇದು ಸ್ವಲ್ಪ ವಿಚಿತ್ರ ಅನ್ಸತ್ತೆ, ಯಾಕಂದ್ರೆ ಅಲ್ಲಿ ಹಕ್ಕಿ ಹೊಳೆ ಮಧ್ಯದ ತಿಟ್ಟುಗಳ ಮೇಲೆ ಇರ್ತವೆ, ನಾವು ದೋಣೀಲಿ ಹೋಗಿ ನೋಡ್ಬೇಕು. ಇಲ್ಲಿ ಅವು ಮನೆ ಮೇಲೇ ಇರ್ತವೆ. ಶಿಂಷಾ ನದಿ ಪಕ್ಕದಲ್ಲೇ ಇದ್ರೂ ನದಿ ಬಿಟ್ಟು, ಹಿತ್ಲಲ್ಲಿ ಬೀದೀಲಿ ಇರೋ ಹುಣಸೆಮರ, ಆಲ, ಅರಳಿ, ಅತ್ತಿಮರ ಅಂತ ಹುಡುಕ್ಕೊಂಡು ಬಂದು ಗೂಡು ಕಟ್ತವೆ. ಕೆಳಗಡೆ ದನ ಕಟ್ಟಿರ್ತಾರೆ, ಹೆಂಗಸ್ರು ನಲ್ಲಿ ಹತ್ರ ಜಗಳ ಆಡ್ತಿರ್ತಾರೆ, ಹುಡುಗ್ರು ಕ್ರಿಕೆಟ್ ಆಡ್ತಿರ್ತವೆ, ತಲೆ ಮೇಲೆ ಹೆಜ್ಜಾರ್ಲೆ ಕಾವು ಕೂತಿರತ್ತೆ.

ಹೆಜ್ಜಾರ್ಲೆ ಅಂದ್ರೆ ಪೆಲಿಕನ್. ದಪ್ಪ ಹಕ್ಕಿ, ನಾಕೈದು ಕೆಜಿ ತೂಗತ್ತೆ, ರೆಕ್ಕೆ ಬಿಚ್ಚಿದ್ರೆ ಏಳೆಂಟು ಅಡಿ. ಕೊಕ್ಕಿನ ಮೇಲ್ಭಾಗದ ಅಂಚಲ್ಲಿ ಸಾಲಾಗಿ ಚುಕ್ಕೆ, ಕೆಳಗೆ ಜೋಲಾಡೋ ಚರ್ಮದ ಚೀಲ. ಅಷ್ಟು ಭಾರದ ಹಕ್ಕಿ ಬಂದು ತೆಳ್ಳಗಿರೋ ಕೊಂಬೆ ಮೇಲೆ ಇಳಿಯೋದನ್ನ ನೋಡ್ಬೇಕು ನೀವು, ಕೊಂಬೆ ಬಗ್ಗಿ ಮತ್ತೆ ಎದ್ದು ಮತ್ತೆ ಬಗ್ಗಿ, ಹಕ್ಕಿ ರೆಕ್ಕೆ ಬಡೀತಾ ಬ್ಯಾಲೆನ್ಸ್ ಮಾಡ್ಕೊಂಡು, ಅಕ್ಕಪಕ್ಕದ ಗೂಡಿನೋರೆಲ್ಲಾ ಬೈದು, ತುಂಬಿದ ಬಸ್ಸಿಗೆ ಮೂಟೆ ಹೊತ್ಕೊಂಡು ಹತ್ತಿದೋರ ಥರ. ಇದ್ರ ಜೊತೆಗೆ ಬರೋದು ಬಣ್ಣದ ಕೊಕ್ಕರೆ. ಹಳದಿ ಕೊಕ್ಕು, ಬಾಲದ ಹತ್ರ ಗುಲಾಬಿ, ಎತ್ತರದ ಕಾಲು. ಬೇಸಿಗೆ ಬಿಸಿಲು ಏರಿದ್ಮೇಲೆ ಕೊಕ್ಕರೆ ಗೂಡಿನ ಮೇಲೆ ರೆಕ್ಕೆ ಅಗಲಿಸಿ ನಿಂತ್ಕೊಂಡು ಮರಿಗಳಿಗೆ ನೆರಳು ಕೊಡತ್ತೆ, ಗಂಟೆಗಟ್ಲೆ ಹಂಗೇ. ದೊಡ್ಡವ್ವ ಅದನ್ನ ನೋಡಿ ಒಂದೇ ಮಾತು ಹೇಳ್ತಾಳೆ, "ನಿಮ್ಮವ್ವ ಇಂಗೆ ನಿಂತಿದ್ಲೇನ್ಲಾ ಒಂದಿನ?"

ಹಳಬ್ರು ಹೇಳೋ ಪ್ರಕಾರ ಊರು ಮೊದ್ಲು ಶಿಂಷಾ ದಡದಲ್ಲೇ ಇತ್ತಂತೆ, ಪ್ಲೇಗ್ ಬಂದು ಜನ ಊರು ಬಿಟ್ಟು ಈಗಿರೋ ಜಾಗಕ್ಕೆ ಬಂದ್ರಂತೆ, ಹಕ್ಕೀನೂ ಹಿಂದೇನೇ ಬಂದ್ವಂತೆ. ನಮ್ಮ ದೊಡ್ಡಪ್ಪ ಇದನ್ನ ಹೇಳೋವಾಗ ತಾನೇ ಗಾಡಿ ಹೊಡ್ಕೊಂಡು ಬಂದಿರೋ ಥರ ಹೇಳ್ತಿದ್ದ. ಹೊರಗಿನ ಪ್ರಪಂಚಕ್ಕೆ ಈ ಊರು ಸರಿಯಾಗಿ ಗೊತ್ತಾಗಿದ್ದು 1976ರಲ್ಲಿ, ಎಸ್.ಜಿ. ನೇಗಿನಹಾಳ ಅನ್ನೋ ಅರಣ್ಯಾಧಿಕಾರಿ ಬಂದು ನೋಡಿ ಬರೆದ್ಮೇಲೆ. ಅದಾದ್ಮೇಲೆ ಗೂಡಿರೋ ಮರದ ಮಾಲೀಕರಿಗೆ ಸರ್ಕಾರದಿಂದ ಅಷ್ಟೋ ಇಷ್ಟೋ ಪರಿಹಾರ ಅಂತಾನೂ ಶುರುವಾಯ್ತು. "ಕಂಡುಹಿಡಿದ್ರು" ಅಂತ ಪೇಪರಲ್ಲಿ ಬರೀತಾರೆ, ಅದಕ್ಕೆ ದೊಡ್ಡಪ್ಪಂಗೆ ಸಿಟ್ಟು ಬರ್ತಿತ್ತು. "ಕಳದೋಗಿದ್ರೆ ತಾನೆ ಕಂಡಿಡಿಯೋದು?"

ಈಗ ನಾನು ಈ ಪೋಸ್ಟ್ ಬರೀತಿರೋ ಕಾರಣಕ್ಕೆ ಬರ್ತೀನಿ. ಯಾವ ವಿಡಿಯೋ ನೋಡಿ, ಯಾವ ಪೇಪರ್ ನೋಡಿ, ನಮ್ಮೂರ ಬಗ್ಗೆ ಬರೆಯೋದು ಒಂದೇ ಥರ: ಊರಿನೋರಿಗೆ ಹಕ್ಕಿಗಳು ಮನೆಮಕ್ಕಳಿದ್ದಂಗೆ, ಬಾಣಂತನಕ್ಕೆ ತವರಿಗೆ ಬರೋ ಹೆಣ್ಮಕ್ಕಳಿದ್ದಂಗೆ, ಪ್ರೀತಿಯಿಂದ ಸಾಕ್ತಾರೆ, ಧನ್ಯ ಧನ್ಯ. ಸುಳ್ಳಲ್ಲ. ಊರಿನೋರೇ ಹೇಳೋ ಮಾತು ಅದು, ದೊಡ್ಡವ್ವನೂ ಅದನ್ನೇ ಹೇಳ್ತಾಳೆ. ಆದ್ರೆ ಮಗಳ ಬಾಣಂತನ ಮಾಡಿರೋ ಯಾವ ತಾಯಿನಾದ್ರೂ ಕೇಳಿ ನೋಡಿ, ಅದು ಪುಕ್ಕಟೆ ಆಗತ್ತಾ? ಸೊಸೆ ಗೊಣಗಿರಲ್ವಾ? ಸಾಲ ಆಗಿರಲ್ವಾ? ಆ ಭಾಗ ಯಾರೂ ವಿಡಿಯೋ ಮಾಡಲ್ಲ. ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯೋನು, ನಂಗೆ ಅದೇ ಕಾಣ್ಸೋದು.

ಲೆಕ್ಕ ಹಿಂಗಿದೆ. ದೊಡ್ಡವ್ವನ ಹಿತ್ಲಲ್ಲಿ ಒಂದು ಹುಣಸೆಮರ. ಅವಳ ಅತ್ತೆ ಕಾಲಕ್ಕೇ ಅದು ದೊಡ್ಡ ಮರ. ಹುಣಸೆಹಣ್ಣು ಬಡಿಯೋದು ಫೆಬ್ರವರಿ ಮಾರ್ಚಲ್ಲಿ, ಹಕ್ಕಿ ಮೊಟ್ಟೆ ಮರಿ ಅಂತ ಕೂತಿರೋದೂ ಸರಿಯಾಗಿ ಅವಾಗ್ಲೇ. ಗಳ ಹಿಡ್ಕೊಂಡು ಒಬ್ರು ಮರ ಹತ್ತಿದ್ರೆ ಅಷ್ಟೂ ಗೂಡು ಎದ್ದೋಗತ್ತೆ, ಅದಕ್ಕೆ ಹತ್ತಲ್ಲ. ಕೈಗೆಟುಕೋ ಹಣ್ಣೂ ಹಿಕ್ಕೆ ಬಿದ್ದು ಸುಣ್ಣ ಹೊಡ್ದಂಗೆ ಆಗಿರತ್ತೆ. ಪಕ್ಕದೂರಲ್ಲಿ ಅಷ್ಟೇ ಗಾತ್ರದ ಮರಾನ ಫಸಲು ಗುತ್ತಿಗೆ ಕೊಟ್ರೆ ಒಳ್ಳೆ ವರ್ಷದಲ್ಲಿ ಐದಾರು ಸಾವಿರ ಎಣಿಸ್ತಾರೆ, ನಮ್ಮ ಮನೆಗೆ ಸಾರಿಗೆ ಹುಣಸೆಹಣ್ಣು ಮದ್ದೂರು ಸಂತೆಯಿಂದ ಬರತ್ತೆ. ಹುಣಸೆಮರ ಹಿತ್ಲಲ್ಲಿಟ್ಕೊಂಡು ಹುಣಸೆಹಣ್ಣು ಕೊಂಡ್ಕೊಳ್ಳೋರು ನಾವೇ ಇರ್ಬೇಕು. ಪರಿಹಾರ ಅಂತ ಬರೋದು ಇದ್ರ ಹತ್ರಕ್ಕೂ ಬರಲ್ಲ, ಅದೂ ಬರ್ತಾ ಬರ್ತಾ ಎಲ್ಲೋ ಸಿಕ್ಕಾಕೊಂಡು, ಎರಡು ವರ್ಷದ್ದು ಒಟ್ಟಿಗೆ ಬಂದಿದ್ದೂ ಉಂಟು, ಆಧಾರ್ ಲಿಂಕ್ ಇಲ್ಲ ಅಂತ ವಾಪಸ್ ಹೋಗಿದ್ದೂ ಉಂಟು. ನಾನೇ ಮೂರು ಸಲ ಅರ್ಜಿ ಬರ್ಕೊಟ್ಟಿದೀನಿ.

ಆದಾಯದ ಕಡೆ ಒಂದೇ ಒಂದು ಬಾಬ್ತು, ಗೊಬ್ಬರ. ಬೇಸಿಗೇಲಿ ಕೆರೆ ಒಣಗಿದಾಗ ಗೋಡುಮಣ್ಣು ತಂದಿಟ್ಕೊಂಡು, ಹಕ್ಕಿ ಬರೋಕೆ ಮುಂಚೆ ಮರದ ಕೆಳಗೆ ಗುಂಡಿ ತೆಗೆದು ಅದ್ರಲ್ಲಿ ತುಂಬ್ತಾರೆ. ಆರು ತಿಂಗಳು ಮೇಲಿಂದ ಹಿಕ್ಕೆ, ಮೀನಿನ ಮುಳ್ಳು, ಎಲೆ, ಗೂಡಿನ ಕಡ್ಡಿ ಎಲ್ಲಾ ಬಿದ್ದು ಬಿದ್ದು, ಮಳೆ ಹಿಡಿಯೋ ಹೊತ್ತಿಗೆ ಅದು ಕಪ್ಪಗೆ ಘಮ್ಮಂತಿರತ್ತೆ. ಘಮ್ಮಂತ ಅಂದ್ನಲ್ಲ, ವಾಸನೆ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಕೊಳೆತ ಮೀನು, ಹಿಕ್ಕೆ, ಒದ್ದೆ ಪುಕ್ಕ, ಮೂರೂ ಸೇರಿ ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಏನೊಂದು ಬರತ್ತೆ, ಅದು ನಿಮ್ಮ ಅನ್ನದ ತಟ್ಟೆಗೇ ಬಂದು ಕೂತ್ಕೊಳ್ಳತ್ತೆ. ಫೋಟೋ ತೆಗೆಯೋಕೆ ಬರೋರು ಮೂಗಿಗೆ ಮಾಸ್ಕ್ ಹಾಕ್ಕೊಂಡು "ಆಂಟಿ, ನಿಮಗೆ ಅಭ್ಯಾಸ ಆಗಿರತ್ತೆ ಅಲ್ವಾ" ಅಂತಾರೆ. ಅಭ್ಯಾಸ ಏನೂ ಆಗಲ್ಲ. ನಲವತ್ತೈದು ವರ್ಷದಿಂದ ದೊಡ್ಡವ್ವ ಪ್ರತಿ ಬೇಸಿಗೆ ಅದೇ ಜೋರಲ್ಲಿ ಬೈತಾಳೆ.

ದೊಡ್ಡವ್ವನ ಮಗಳ ಮದುವೆ ಚಪ್ಪರ ಮನೆ ಮುಂದೆ ಹಾಕ್ಸಿದ್ರು, ಮೇ ತಿಂಗಳು, ಚಪ್ಪರಕ್ಕೆ ಮೇಲೆ ಟಾರ್ಪಾಲು ಹಾಕಿ ಎಲ್ಲಾ ಬಂದೋಬಸ್ತ್ ಆಗಿತ್ತು, ಆದ್ರೆ ಗಂಡಿನ ಕಡೆಯೋರು ವ್ಯಾನ್ ಇಳಿದು ಚಪ್ಪರಕ್ಕೆ ಬರೋ ಹತ್ತು ಹೆಜ್ಜೆ ಜಾಗಕ್ಕೆ ಟಾರ್ಪಾಲು ಇರ್ಲಿಲ್ಲ. ಬೀಗರ ರೇಷ್ಮೆ ಪಂಚೆ ಮೇಲೆ, ಹೆಗಲಿಂದ ಮಂಡಿವರೆಗೂ. ಒಂದು ನಿಮಿಷ ಯಾರೂ ಉಸಿರೇ ಬಿಡ್ಲಿಲ್ಲ. ಕೊನೆಗೆ ಊರಿನ ಒಬ್ಬ ಯಜಮಾನ್ರು "ಶುಭ ಆಯ್ತು ಬುಡಿ, ಕೊಕ್ಕರೆ ಆಶೀರ್ವಾದ, ಎಲ್ರಿಗೂ ಸಿಕ್ಕಲ್ಲ" ಅಂದು ನಗಿಸಿದ್ರು. ಬೀಗರು ನಕ್ಕರು ಅನ್ನಿ. ಆದ್ರೆ ದೊಡ್ಡವ್ವ ಆ ಪಂಚೆ ದುಡ್ಡು ಇವತ್ತಿಗೂ ಹಕ್ಕಿ ಖಾತೆಗೇ ಬರೆದಿದಾಳೆ.

ಇಷ್ಟೆಲ್ಲಾ ಬೈಯ್ಯೋ ಹೆಂಗಸು, ಮರಿ ಬಿದ್ರೆ ಏನ್ಮಾಡ್ತಾಳೆ ಅಂತ ನಾನು ಕಣ್ಣಾರೆ ನೋಡಿದೀನಿ. ಮಾರ್ಚಲ್ಲಿ ಒಂದಿನ ಬೆಳಗ್ಗೆ ಜಗಲಿ ಮೇಲೆ ಕೂತು ಕಾಫಿ ಕುಡೀತಿದ್ದೆ, ದೊಪ್ ಅಂತ ಶಬ್ದ. ಹೆಜ್ಜಾರ್ಲೆ ಮರಿ, ಮೈ ತುಂಬಾ ಹತ್ತಿ ಅಂಟಿಸ್ದಂಗೆ ಬಿಳಿ ನವಿರು, ಕೊಕ್ಕು ಆಗ್ಲೇ ಗೇಣುದ್ದ, ತಲೆ ಎತ್ತೋಕಾಗ್ದೆ ಮಣ್ಣಲ್ಲಿ ಕೊಕ್ಕು ಊರ್ಕೊಂಡು ಕೂತಿತ್ತು. ಕೆಳಗೆ ಬಿದ್ದ ಮರೀನ ತಾಯಿ ಬಂದು ಸಾಕಲ್ಲ. ಮೇಲೆ ಗೂಡಲ್ಲಿ ಇದ್ರೆ ತಾಯಿ ಗಂಟ್ಲೊಳಗೇ ತಲೆ ತೂರಿಸಿ ಮೀನು ತಿನ್ನತ್ತೆ, ನೆಲಕ್ಕೆ ಬಿತ್ತಾ, ಮುಗೀತು ಅದ್ರ ಋಣ. ಅಷ್ಟೊತ್ತಿಗೆ ಎರಡು ನಾಯಿ ಬಂದಾಗಿತ್ತು. ದೊಡ್ಡವ್ವ ಒಳಗಿಂದ ಪೊರಕೆ ಹಿಡ್ಕೊಂಡು ಬಂದ್ಲು, ನಾಯಿಗೆ ಎರಡು ಬಿಟ್ಲು, ಆಮೇಲೆ ಮಂಕರಿ ಬೋರ್ಲು ಹಾಕಿ ಮರಿ ಮುಚ್ಚಿ, ಮೇಲೊಂದು ಕಲ್ಲಿಟ್ಟು, "ಬೆಳಿಗ್ಗೆ ಬೆಳಿಗ್ಗೇನೇ ಗಾಚಾರ" ಅಂತ ಬೈಕೊಂಡೇ ಪಕ್ಕದ ಮನೆ ಹುಡುಗನ್ನ ಕೂಗಿದ್ಲು.

ಹಿಂಗೆ ಬಿದ್ದ ಮರಿಗಳಿಗೆ ಅಂತಲೇ ಊರಲ್ಲಿ ಬೇಲಿ ಹಾಕಿರೋ ಒಂದು ಜಾಗ ಇದೆ. ತೊಂಬತ್ತರ ದಶಕದಲ್ಲಿ ಮೈಸೂರಿನ ಹಕ್ಕಿ ನೋಡೋ ಆಸಕ್ತರ ಜೊತೆ ಸೇರ್ಕೊಂಡು ಊರಿನ ಹುಡುಗ್ರೇ ಹೆಜ್ಜಾರ್ಲೆ ಬಳಗ ಅಂತ ಕಟ್ಟಿದ್ರು, ಬಿದ್ದ ಮರಿ ತಂದು ಮೀನು ಹಾಕಿ ಸಾಕಿ, ರೆಕ್ಕೆ ಬಲಿತ್ಮೇಲೆ ಬಿಡೋದು. ಕೇಳೋಕೆ ಸುಲಭ. ಹೆಜ್ಜಾರ್ಲೆ ಮರಿ ಹಾರೋಕೆ ಮೂರು ತಿಂಗಳ ಮೇಲೇ ಬೇಕು, ಅಲ್ಲೀವರೆಗೂ ದಿನಾ ಮೀನು, ಅದೂ ತಾಜಾ, ಕೊಳೆತಿದ್ದು ಹಾಕಿದ್ರೆ ಸಾಯ್ತವೆ. ಆ ಹುಡುಗ ಬಂದು ಮಂಕರಿ ಎತ್ತಿದ, ಒಂದು ಕೈಯಲ್ಲಿ ಕೊಕ್ಕು ಮೆತ್ತಗೆ ಹಿಡ್ದು ಇನ್ನೊಂದು ಕೈ ಹೊಟ್ಟೆ ಕೆಳಗೆ ಕೊಟ್ಟು ಎತ್ಕೊಂಡ, ಅದು ಗಾಬರಿಗೆ ತಿಂದಿದ್ದ ಮೀನನ್ನೆಲ್ಲಾ ಅವನ ಅಂಗಿ ಮೇಲೇ ಕಾರ್ತು. ಮೂರು ಜಿಲೇಬಿ ಮೀನು, ಒಂದಂತೂ ಇಡಿಯಾಗೇ ಇತ್ತು. ಅವನು ಮುಖಾನೂ ಕಿವುಚ್ಲಿಲ್ಲ. "ಚೆನ್ನಾಗ್ ತಿಂದದೆ, ಬದ್ಕೊತದೆ ಬುಡು ದೊಡ್ಡವ್ವ" ಅಂದ. ಬದುಕ್ತು ಕೂಡ. ನಾನು ಮುಂದಿನ ತಿಂಗಳು ಹೋದಾಗ ಅದ್ಯಾವ್ದು ಅಂತ ಗುರುತು ಹತ್ತದಷ್ಟು ದೊಡ್ಡದಾಗಿತ್ತು, ಅಲ್ಲಿದ್ದ ಮರಿಗಳೆಲ್ಲಾ ಬೇಲಿ ಪಕ್ಕ ಸಾಲಾಗಿ ನಿಂತು ಮೀನಿನ ಬಕೆಟ್ಟನ್ನೇ ನೋಡ್ತಿದ್ವು, ಮಧ್ಯಾಹ್ನದ ಊಟದ ಗಂಟೆ ಹೊಡೆಯೋಕೆ ಕಾಯೋ ಸ್ಕೂಲ್ ಮಕ್ಕಳ ಥರ.

2007ರಲ್ಲಿ ಸರ್ಕಾರ ಊರನ್ನ ಸಮುದಾಯ ಮೀಸಲು ಅಂತ ಘೋಷಣೆ ಮಾಡ್ತು. ಅಭಯಾರಣ್ಯ ಅಲ್ಲ, ಜನ ಇದನ್ನ ಕಲಸ್ಕೋತಾರೆ. ಜಮೀನು, ಮನೆ, ಮರ ಎಲ್ಲಾ ಮಾಲೀಕರದ್ದೇ ಇರತ್ತೆ, ನೋಡ್ಕೊಳ್ಳೋಕೆ ಒಂದು ಸಮಿತಿ, ಅದ್ರಲ್ಲಿ ಪಂಚಾಯ್ತಿ ಆರಿಸಿದ ಐದಾದ್ರೂ ಜನ, ಅರಣ್ಯ ಇಲಾಖೆಯಿಂದ ಒಬ್ರು. ಯೋಚನೆ ಒಳ್ಳೇದೇ, ಊರಿನೋರನ್ನ ಎತ್ತಂಗಡಿ ಮಾಡಿ ಬೇಲಿ ಹಾಕೋದಕ್ಕಿಂತ ಸಾವಿರ ಪಾಲು ಮೇಲು. ಆದ್ರೆ ಮರ ನಂದು, ಕಡಿಯೋಕೆ ಮಾತ್ರ ಹತ್ತು ಕಡೆ ಕೇಳ್ಬೇಕು, ಹಣ್ಣೂ ಸಿಗಲ್ಲ ಅಂತ ಆದಾಗ, ಹೊಸದಾಗಿ ಒಂದು ಹುಣಸೆ ಸಸಿ ನೆಡೋಕೆ ಯಾರಿಗೆ ಮನಸ್ಸು ಬರತ್ತೆ ಹೇಳಿ? ಊರಲ್ಲಿ ಇರೋವೆಲ್ಲಾ ಮುದಿ ಮರ. ಗಾಳಿಗೆ ಬೀಳ್ತವೆ, ಕೊಂಬೆ ಒಣಗ್ತವೆ. ಬಿದ್ದ ಮರದ ಜಾಗದಲ್ಲಿ ಆರ್‌ಸಿಸಿ ಮನೆ ಬರತ್ತೆ, ಮಕ್ಕಳಿಗೆ ಮನೆ ಕಟ್ಟಬೇಡಿ ಅನ್ನೋಕಾಗತ್ತಾ. ನನ್ನ ಕೇಳಿದ್ರೆ ಮೀಸಲು ಅಂತ ಬೋರ್ಡ್ ಹಾಕೋದಕ್ಕಿಂತ ಮರಕ್ಕೆ ಸರಿಯಾದ ಬಾಡಿಗೆ ಕೊಡೋದು ಮುಖ್ಯ. ಬಾಡಿಗೆ ಅನ್ನೋ ಪದಾನೇ ಸರಿ, ಪರಿಹಾರ ಅಲ್ಲ. ಪರಿಹಾರ ಅಂದ್ರೆ ಏನೋ ಅನಾಹುತ ಆಗಿದೆ ಅಂದಂಗೆ.

ಅನಾಹುತ ಅಂದ್ರೆ ಅದು ಬೇರೆ. 2017ರ ಕೊನೇಲಿ ಶುರುವಾಗಿ 2018ರಲ್ಲಿ ಹೆಜ್ಜಾರ್ಲೆ ಒಂದೊಂದಾಗಿ ಸಾಯೋಕೆ ಶುರುವಾಯ್ತು. ಮರದ ಮೇಲೆ ಕೂತಿದ್ದ ದೊಡ್ಡ ಹಕ್ಕಿ, ಮರಿ ಅಲ್ಲ, ತೂಕಡಿಸ್ದಂಗೆ ಮಾಡಿ ಕೆಳಗೆ ಬೀಳೋದು. ಕೊಕ್ಕರೆಗೆ ಏನೂ ಇಲ್ಲ, ಸಾಯ್ತಿದ್ದಿದ್ದೆಲ್ಲಾ ಹೆಜ್ಜಾರ್ಲೆಗಳೇ. ಹಕ್ಕಿಜ್ವರ ಅಂತ ಗುಲ್ಲೆದ್ದು ಅಕ್ಕಪಕ್ಕದ ಊರಿನೋರು ನಮ್ಮೂರ ಕಡೆ ಬರೋದನ್ನೇ ಬಿಟ್ರು, ನೆಂಟರು ಬರ್ಲಿಲ್ಲ. ಪರೀಕ್ಷೆ ಮಾಡಿದಾಗ ಹೊಟ್ಟೇಲಿ ಜಂತುಹುಳ ಸಿಕ್ತು, ಕೆಟ್ಟ ನೀರು, ಆ ನೀರಿನ ಮೀನು, ಅಲ್ಲಿಂದ ಹಕ್ಕಿಗೆ. ಸುತ್ತಮುತ್ತ ಕೆರೆಗಳ ಸ್ಥಿತಿ ನೋಡಿದೋರಿಗೆ ಆಶ್ಚರ್ಯ ಏನಿಲ್ಲ. ಹಕ್ಕಿ ಗೂಡು ಕಟ್ಟೋದು ನಮ್ಮೂರಲ್ಲಿ, ಉಣ್ಣೋದು ಸುತ್ತಲಿನ ಕೆರೆಗಳಲ್ಲಿ. ಗೂಡು ಕಾಯೋಕೆ ಊರೇ ಇದೆ, ಕೆರೆ ಕಾಯೋರು ಯಾರು? ಕೆಲವು ಕೆರೆ ಮೀನು ಗುತ್ತಿಗೆಗೆ ಹೋಗಿರತ್ತೆ, ಗುತ್ತಿಗೆದಾರ ಪಟಾಕಿ ಹೊಡ್ದು ಹಕ್ಕಿ ಓಡಿಸ್ತಾನೆ, ಅವನದ್ದೂ ದುಡ್ಡು ಹಾಕಿದ ಮೀನು, ಅವನನ್ನ ಬೈಯ್ಯೋಕೂ ಬಾಯಿ ಬರಲ್ಲ.

ಆ ವರ್ಷ ದೊಡ್ಡವ್ವ ಹಿತ್ಲಲ್ಲಿ ಬಿದ್ದಿದ್ದ ಎರಡು ಹಕ್ಕಿ ಬಗ್ಗೆ ಫೋನಲ್ಲಿ ಹೇಳ್ಲೇ ಇಲ್ಲ. ನಾನು ಹೋದ್ಮೇಲೆ ಪಕ್ಕದ ಮನೆಯೋರಿಂದ ಗೊತ್ತಾಗಿದ್ದು. ಸತ್ತ ಹಕ್ಕಿ ತಗೊಂಡು ಹೋಗೋಕೆ ಬಂದೋರು ಗ್ಲೌಸ್ ಹಾಕ್ಕೊಂಡು ಕವರಿಗೆ ತುಂಬೋವಾಗ ಇವಳು ಒಳಗಿಂದ ಅರಿಶಿನ ಕುಂಕುಮ ತಂದು ಹಾಕಿದ್ಲಂತೆ.

ಇಂಥ ಊರು ನಮ್ಮದೊಂದೇ ಅಂತ ನಾನು ಜಂಬ ಪಡಲ್ಲ. ತಮಿಳುನಾಡಲ್ಲಿ ಶಿವಗಂಗೆ ಕಡೆ ವೇಟ್ಟಂಗುಡಿ ಹತ್ರದ ಊರಿನೋರು ಹಕ್ಕಿ ಹೆದರ್ತವೆ ಅಂತ ದೀಪಾವಳಿಗೆ ಪಟಾಕೀನೇ ಹೊಡೆಯಲ್ಲ. ವೇದಂತಾಂಗಲ್ ರೈತ್ರು ಈಸ್ಟ್ ಇಂಡಿಯಾ ಕಂಪನಿ ಕಾಲದಲ್ಲೇ, 1798ರಷ್ಟು ಹಿಂದೆ, ಹಕ್ಕಿಗೆ ಯಾರೂ ಗುಂಡು ಹೊಡೀಬಾರ್ದು ಅಂತ ಕಲೆಕ್ಟರ್ ಹತ್ರ ಆದೇಶ ಮಾಡಿಸ್ಕೊಂಡಿದ್ರು, ಹಿಕ್ಕೆ ಬಿದ್ದ ಕೆರೆನೀರು ಗದ್ದೆಗೆ ಎಷ್ಟು ಒಳ್ಳೇದು ಅಂತ ಅವ್ರಿಗೂ ಗೊತ್ತಿತ್ತು. ನೋಡಿ, ಅಲ್ಲೂ ಲೆಕ್ಕ ಇತ್ತು. ನಮ್ಮ ರಾಜ್ಯದ್ದೇ ಹಗರಿಬೊಮ್ಮನಹಳ್ಳಿ ಹತ್ರದ ಅಂಕಸಮುದ್ರ ಕೆರೆಗೆ 2024ರಲ್ಲಿ ರಾಮ್ಸಾರ್ ಪಟ್ಟ, ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಅನ್ನೋ ಮನ್ನಣೆ, ಸಿಕ್ತು, ಅಲ್ಲೂ ಬಣ್ಣದ ಕೊಕ್ಕರೆ ಮುಳುಗಿದ ಜಾಲಿಮರಗಳ ಮೇಲೆ ಗೂಡು ಕಟ್ತವೆ. ಅಲ್ಲಿಗೆ ಹೋಗಿ ಬರ್ಬೇಕು ಅಂತ ಎರಡು ವರ್ಷದಿಂದ ಅಂದ್ಕೊಳ್ತಾನೇ ಇದೀನಿ.

ಈ ವರ್ಷದ ಸುದ್ದಿ. ಫೆಬ್ರವರೀಲಿ ಒಬ್ಬ ಮರದ ವ್ಯಾಪಾರಿ ಬಂದಿದ್ದ. ಹುಣಸೆಮರಕ್ಕೆ ಯಾವಾಗ್ಲೂ ಡಿಮ್ಯಾಂಡು, ಇಟ್ಟಿಗೆ ಗೂಡಿಗೆ ಸೌದೆ, ಇನ್ನು ಬುಡದ ದಿಮ್ಮಿ ಮಟನ್ ಅಂಗಡಿಗೆ, ಕತ್ತರಿಸೋಕೆ ಇಟ್ಕೊಂಡಿರ್ತಾರಲ್ಲ ಆ ಕೊರಡು, ಅದಕ್ಕೆ ಹುಣಸೇನೇ ಬೇಕು, ಬೇರೆ ಮರ ಸಿಬಿರೇಳತ್ತೆ. ಪರ್ಮಿಶನ್ ಗಿರ್ಮಿಶನ್ ಎಲ್ಲಾ ನಾನೇ ನೋಡ್ಕೋತೀನಿ, ನೀವು ಹೂಂ ಅನ್ನಿ ಸಾಕು ಅಂದನಂತೆ. ದೊಡ್ಡವ್ವ ಮೇಲೆ ಕೈ ತೋರ್ಸಿ "ಬಾಣ್ತೀರು ಅವ್ರಲ್ಲಪ್ಪ, ಈಗ ಮಾತಾಡ್ಬಾರ್ದು, ಜೂನ್ ಆದ್ಮೇಲೆ ಬಾ" ಅಂತ ಕಳಿಸಿದ್ಲು. ನಂಗೆ ಗೊತ್ತಾಗಿ ಫೋನ್ ಮಾಡಿ ಕೂಗಾಡ್ದೆ. ಅವಳು ತಣ್ಣಗೆ, "ನೀನು ಮಂಡ್ಯದಲ್ಲಿ ಫ್ಯಾನ್ ಕೆಳಗೆ ಕುಂತ್ಕೊಂಡು ಯೋಳ್ತಿ. ನಂಗೆ ಮಂಡಿ ನೋವು, ಅಂಗಳ ದಿನಕ್ಕೆ ಮೂರು ಸತಿ ಗುಡಿಸ್ಬೇಕು. ಬಂದು ಗುಡ್ಸೀಯಾ?" ಅಂದ್ಲು. ಗುಡಿಸೋಕೆ ಹೋಗ್ತೀನಾ ನಾನು? ಸುಮ್ನಾದೆ.

ಜೂನ್ ಕೊನೇಲಿ ಹೋಗಿದ್ದೆ. ಮರ ಖಾಲಿ. ಒಂದೆರಡು ಗೂಡಿನ ಕಡ್ಡಿ ಗಾಳಿಗೆ ಉದುರ್ತಿತ್ತು, ಊರಲ್ಲಿ ಶಬ್ದ ಇಲ್ದೆ ಕಿವಿ ಗುಂಯ್ ಅನ್ನೋಷ್ಟು ನಿಶ್ಶಬ್ದ. ದೊಡ್ಡವ್ವ ಇಬ್ರು ಆಳು ಇಟ್ಕೊಂಡು ಮರದ ಕೆಳಗಿನ ಗುಂಡಿಯಿಂದ ಗೊಬ್ಬರ ತೆಗೆಸ್ತಿದ್ಲು, ರಾಗಿ ಹೊಲಕ್ಕೆ ಹೊಡೆಸೋಕೆ. ಸರಿಯಾಗಿ ಅವಾಗ್ಲೇ ಆ ವ್ಯಾಪಾರಿ ಬೈಕಲ್ಲಿ ಬಂದ. ಜಗಲಿ ಮೇಲೆ ಕೂರಿಸಿದ್ಲು, ಟೀ ಕೊಟ್ಲು, ಮನೆ ಮಠ ಎಲ್ಲಾ ವಿಚಾರಿಸಿದ್ಲು. ಅವನು ಮರದ ಸುತ್ತ ಒಂದು ಸುತ್ತು ಬಂದು ಬುಡ ತಟ್ಟಿ ನೋಡಿ ಒಂದು ರೇಟ್ ಹೇಳಿದ. ಇವಳು ಸೆರಗಲ್ಲಿ ಕೈ ಒರೆಸ್ಕೊಂಡು ಅದಕ್ಕೆ ಮೂರು ಪಟ್ಟು ಹೇಳಿದ್ಲು. ಅವನು ನಕ್ಕ. ಇವಳು ನಗ್ಲಿಲ್ಲ. ಬಾಯಿ ಬಿಟ್ಟು ಲೆಕ್ಕ ಒಪ್ಪಿಸೋಕೆ ಶುರು ಮಾಡಿದ್ಲು, ಇಷ್ಟು ವರ್ಷದ ಹುಣಸೆಹಣ್ಣು, ಬರದೇ ಇರೋ ಪರಿಹಾರ, ಬೀಗರ ಪಂಚೆ, ದಿನಕ್ಕೆ ಮೂರು ಸಲ ಗುಡಿಸಿದ ಕೂಲಿ, ಅದೆಲ್ಲಾ ಮರದ ಮೇಲೇ ಐತೆ, ನೀನು ತಗೊಂಡ್ರೆ ನೀನೇ ತೀರಿಸ್ಬೇಕು ಅಂತ. ಅವನು ಟೀ ಲೋಟ ಕೆಳಗಿಟ್ಟು, ಇನ್ನೊಂದ್ಸಲ ಬರ್ತೀನಿ ಅಮ್ಮ ಅಂತ ಹೊರಟ.

"ಅವನು ಒಪ್ಕೊಂಡಿದ್ರೆ?" ಅಂತ ಕೇಳ್ದೆ.

"ಒಪ್ಕೊಂಡಿದ್ರೆ ಕೊಟ್ಬುಡ್ತಿದ್ದೆ" ಅಂದ್ಲು, ಮುಖ ನೋಡಿದ್ರೆ ನಿಜಾನೋ ತಮಾಷೆನೋ ಗೊತ್ತಾಗ್ಲಿಲ್ಲ. ಆಮೇಲೆ ಖಾಲಿಯಾದ ಗುಂಡಿ ಕಡೆ ನೋಡಿ, "ಕೆರೇಲಿ ಇನ್ನೂ ನೀರು ಬಂದಿಲ್ಲ, ಗೋಡು ಒಣಗದೆ. ನಿನ್ನ ಸೊಸೈಟಿ ಟ್ರ್ಯಾಕ್ಟರ್‌ನೋನ್ಗೆ ಯೋಳು, ಎರಡು ಲೋಡು ತಂದಾಕ್ಲಿ. ಓದ್ವರ್ಸ ಒಂದು ಲೋಡು ಸಾಕಾಗ್ಲಿಲ್ಲ" ಅಂದ್ಲು.